ಶೋಭಾಳ ಲಾರಿಯಲ್ಲಿ ಕೂತವಳು

ದೊಡ್ಡ ಲಾರಿ ನಿಂತಾಗ ಬ್ರೇಕು ‘ಫುಸ್ಸ್’ ಎಂದು ಉಸಿರು ಬಿಡುವುದನ್ನು ನೀವು ಕೇಳಿರುತ್ತೀರಿ. ದಣಿದ ಎಮ್ಮೆ ಕಾಲು ಮಡಿಚಿ ಮಲಗುವಾಗ ಬಿಡುವಂಥ ಉಸಿರು. ಈಗಲೂ ನಮ್ಮ ಓಣಿಯ ತುದಿಯಲ್ಲಿ ಆ ಸದ್ದು ಬಂದರೆ ನನ್ನ ಕೈ ತಾನಾಗಿಯೇ ಕಿಟಕಿಯ ಕರ್ಟನ್ ಕಡೆ ಹೋಗುತ್ತದೆ, ಎಳೆದು ಮುಚ್ಚಲಿಕ್ಕೆ. ಆಮೇಲೆ ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮನೆಯಲ್ಲಿ ನೋಡುವವರು ಯಾರೂ ಇಲ್ಲದಿದ್ದರೂ ನಾಚಿಕೆಯಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನು ನಂಬುವವಳಾಗಿರಲಿಲ್ಲ. ಕಾನ್ವೆಂಟಿನಲ್ಲಿ ಕಲಿತವಳು. ಹಾಸ್ಟೆಲಿನ ಹುಡುಗಿಯರು ಒಮ್ಮೆ ಬಾತ್‌ರೂಮಿನಲ್ಲಿ ಬಿಳಿ ಹೆಂಗಸೊಬ್ಬಳು ತೂಗುತ್ತಾಳೆ ಎಂದು ಅತ್ತುಕೊಂಡು ಓಡಿ ಬಂದಾಗ, ನಾನೊಬ್ಬಳೇ ಹೋಗಿ ನೋಡಿ, ಒಣಹಾಕಿದ್ದ ಪೆಟಿಕೋಟನ್ನು ಹಿಡಿದು ತಂದು ತೋರಿಸಿದ್ದೆ. ಸಿಸ್ಟರ್ ‘ಸೆನ್ಸಿಬಲ್ ಗರ್ಲ್’ ಎಂದು ಎಲ್ಲರೆದುರು ಹೊಗಳಿದರು. ಆ ಹೊಗಳಿಕೆಯನ್ನು ನಾನು ಮುದುಕಿಯಾಗುವವರೆಗೂ ಮೆಡಲ್ ಹಾಗೆ ಕೊರಳಲ್ಲಿ ಹಾಕಿಕೊಂಡು ತಿರುಗಿದೆ. ಬಸವನ ಬಾಗೇವಾಡಿಯಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದಷ್ಟು ಕಾಲವೂ ದೆವ್ವ, ಗಾಳಿ, ಶಕುನ ಎಂದ ಮಕ್ಕಳನ್ನೆಲ್ಲ ‘ನಾನ್‌ಸೆನ್ಸ್, ಸಿಟ್ ಡೌನ್’ ಎಂದು ಕೂರಿಸುತ್ತಿದ್ದೆ. ಬಾಯಿಂದ ಹೇಳುವುದೂ ಬೇಕಿರಲಿಲ್ಲ. ಎರಡು ಬೆರಳು ಎತ್ತಿ ಕೆಳಗಿಳಿಸಿದರೆ ಸಾಕು, ತಪ್ಪು ಉತ್ತರ ಹೇಳಿದವರು ಕೂತುಬಿಡುತ್ತಿದ್ದರು. ಮಕ್ಕಳು ಆಟದ ಹೊತ್ತಿನಲ್ಲಿ ನನ್ನ ಈ ಬೆರಳಿನ ಅಣಕ ಮಾಡುತ್ತಾರೆಂದು ನನಗೆ ಗೊತ್ತಿತ್ತು. ನೆನಪಿಟ್ಟುಕೊಳ್ಳಿ, ಈ ಎರಡು ಬೆರಳಿನ ಮಾತು ಮುಂದೆ ಬರುತ್ತದೆ.

ಶೋಭಾ ನನ್ನ ಒಬ್ಬಳೇ ಮಗಳು. ಅವಳ ಅಪ್ಪ ಆಲಮಟ್ಟಿಯಲ್ಲಿ ಕಾಲುವೆಯ ಕೆಲಸದ ಇಂಜಿನಿಯರ್ ಆಗಿದ್ದರು. ಹೈಸ್ಕೂಲಿಗೆ ಹೋಗುವ ಹುಡುಗಿಗೆ ಕಾಲುವೆಯ ದಂಡೆಯ ಮೇಲೆ ಜೀಪ್ ನಡೆಸಲು ಕಲಿಸಿಬಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಶೋಭಾ ಮುದ್ದೇಬಿಹಾಳದ ಒಂದು ಖಾಸಗಿ ಕಂಪನಿಯ ಆಫೀಸಿಗೆ ಸೇರಿದಳು. ಎ.ಸಿ. ರೂಮು, ಕಂಪ್ಯೂಟರ್, ಕೊರಳಲ್ಲಿ ಐ.ಡಿ. ಕಾರ್ಡ್. ಮದುವೆ ಬೇಡ ಎಂದಳು. ಸರಿ, ಆಫೀಸಾದರೂ ಇದೆಯಲ್ಲ ಎಂದು ಸುಮ್ಮನಾದೆ. ‘ಮೈ ಡಾಟರ್ ಈಸ್ ಇನ್ ದಿ ಆಫೀಸ್’ ಎನ್ನುವ ವಾಕ್ಯವನ್ನು ನಾನು ಅಂಗಡಿ, ಬ್ಯಾಂಕು, ಮದುವೆಯ ಊಟದ ಪಂಕ್ತಿ, ಎಲ್ಲೆಂದರಲ್ಲಿ ಹೇಳುತ್ತಿದ್ದೆ.

ಒಂದು ಭಾನುವಾರ ಅವಳು ಬಂದು ಚಹಾ ಕುಡಿಯುತ್ತ, “ಅವ್ವಾ, ನಾ ಕೆಲಸ ಬಿಟ್ನಿ” ಎಂದಳು.

“ಬ್ಯಾರೆ ಕಡೆ ಸಿಕ್ತೇನು? ಬೆಟರ್ ಪೊಜಿಷನ್ನಾ?”

“ಹೂಂ. ಆಳೆತ್ತರದ ಪೊಜಿಷನ್. ಇಂಡಿ ರಜಾಕ್ ಚಾಚಾರ ನಿಂಬಿಹಣ್ಣಿನ ಲಾರಿ ನಡಸ್ತೇನಿ.”

ನಾನು ನಕ್ಕೆ. ಅವಳು ನಗಲಿಲ್ಲ. ರಜಾಕ್‌ಸಾಬರು ನಮ್ಮವರ ಹಳೆಯ ಸ್ನೇಹಿತರು, ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ. ಅವರ ಡ್ರೈವರ್ ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದನಂತೆ. ಇವಳು ನನಗೆ ಗೊತ್ತಾಗದ ಹಾಗೆ ಹೆವಿ ಲೈಸೆನ್ಸ್ ಮಾಡಿಸಿಕೊಂಡಿದ್ದಳು.

“ಯಾಕ ಶೋಭಾ? ಆಫೀಸಿನ್ಯಾಗ ಯಾರರೆ ಏನರೆ ಅಂದ್ರೇನು?”

“ಯಾರೂ ಏನೂ ಅಂದಿಲ್ಲ ಅವ್ವಾ. ಅಲ್ಲಿ ಸಂಜಿ ಆಗೂದ ಗೊತ್ತಾಗಂಗಿಲ್ಲ. ಟ್ಯೂಬ್‌ಲೈಟ್ ಆರಿಸಿ ಹೊರಗ ಬಂದ್ರ ಕತ್ತಲಿ ಆಗಿರ್ತೈತಿ. ನನ್ನ ದಿನಾ ಯಾರೋ ಕದ್ದು ಒಯ್ದಂಗ ಅನಸ್ತೈತಿ.”

“ಲಾರಿ ಡ್ರೈವರ್! ಜನ ಏನಂತಾರ?”

“ಹಾರ್ನ್ ಹೊಡದ್ರ ಸರೀತಾರ ತಗೋ.”

ಅವಳಿಗೆ ಸರಿಯುವ ಜನ ನನಗೆ ಸರಿಯಲಿಲ್ಲ. ಓಣಿಯಲ್ಲಿ ಕೇಳಿದವರಿಗೆ ‘ಅವಳು ಲಾಜಿಸ್ಟಿಕ್ಸ್‌ನಲ್ಲಿದ್ದಾಳೆ’ ಎಂದೆ. ಕಾಯಿಪಲ್ಲೆ ಮಾರುವ ಕಾಶವ್ವ ಬುಟ್ಟಿ ಇಳಿಸಿ, “ಅದೇನ್ರಿ ಅಕ್ಕಾರ, ಮೊಣಕಾಲ ಬ್ಯಾನಿಗೆ ಹಚ್ಚೂದಾ?” ಎಂದು ಕೇಳಿದಳು. ನಾನು ಬದನೆಕಾಯಿ ಆರಿಸಿದೆ.

ಇಂಡಿಯ ಲಾರಿಯವರಲ್ಲಿ ಒಂದು ರೂಢಿ ಇತ್ತು. ಹೊಸ ಡ್ರೈವರ್ ಮೊದಲ ಲೋಡು ಒಯ್ಯುವಾಗ ಅವರ ಮನೆಯ ಹಿರಿಯರೊಬ್ಬರು ಪಕ್ಕದ ಸೀಟಿನಲ್ಲಿ ಕೂತು ಮುಂದಿನ ಊರಿನವರೆಗೆ ಹೋಗಬೇಕು. ಹಿರಿಯರು ಹೆಂಗಸಾದರೆ, ಗಂಡ ಇರಲಿ ಇಲ್ಲದಿರಲಿ, ಸೀಟಿನಲ್ಲೇ ಸೆರಗಿಗೆ ಅಕ್ಕಿ, ಕಾಯಿ ಹಾಕಿ ಉಡಿ ತುಂಬುತ್ತಾರೆ. ರಜಾಕ್‌ಸಾಬರು ಫೋನ್ ಮಾಡಿ, “ಅಕ್ಕಾರ, ನೀವು ಬರ್ಬೇಕ್ರಿ. ನಮ್ಮ ಮನಿಯಾಕಿ ಉಡಿ ತುಂಬಾಕ ಎಲ್ಲಾ ತಯಾರ ಮಾಡ್ಯಾಳ. ಸಾಹೇಬ್ರು ಇದ್ದಿದ್ರ ಅವರ ಬರ್ತಿದ್ರು” ಎಂದರು. ನೋಡೋಣ ಎಂದೆ. ಮೊಣಕಾಲು ನೋವು ಎಂದೂ ಸೇರಿಸಿದೆ.

ಆ ದಿನ ಬೆಳಿಗ್ಗೆ ಶೋಭಾ ಖಾಲಿ ಲಾರಿಯನ್ನು ತಂದು ಓಣಿಯ ತುದಿಯಲ್ಲಿ ನಿಲ್ಲಿಸಿದಳು. ಫುಸ್ಸ್. ಮುಂದಿನ ಗಾಜಿಗೆ ಚೆಂಡುಹೂವಿನ ಮಾಲೆ ಕಟ್ಟಿದ್ದು ನನ್ನ ಕಿಟಕಿಯಿಂದಲೇ ಕಾಣುತ್ತಿತ್ತು. ಒಳಗೆ ಬಂದು, “ಅವ್ವಾ, ಇಂಡಿಯಾಗ ಲೋಡ್ ಮಾಡಿ ಬರೇ ಸಿಂದಗಿ ತನಕ ಬಾ. ಅಲ್ಲಿಂದ ನಿನ್ನ ಬಸ್ ಹತ್ತಸ್ತೇನಿ” ಎಂದಳು.

“ಮೊಣಕಾಲ ಬ್ಯಾನಿ ಬಾಳ ಐತಿ. ಅಷ್ಟು ಎತ್ತರ ಹತ್ತಾಕ ಆಗಂಗಿಲ್ಲ.”

“ಅದಕ್ಕ ಸ್ಟೂಲ್ ತಂದೇನಿ.”

ನಿಜವಾಗಿಯೂ ತಂದಿದ್ದಳು. ಕಟ್ಟಿಗೆಯ ಗಟ್ಟಿ ಸ್ಟೂಲು, ಹೊಸ ನೀಲಿ ಬಣ್ಣ ಬಳಿದದ್ದು. ವರಾಂಡದಲ್ಲಿ ಇಟ್ಟಿದ್ದಳು. ಅದನ್ನು ನೋಡಿ ನನಗೆ ಬೇರೆ ನೆಪ ಹೊಳೆಯಲಿಲ್ಲ. ತಲೆ ಸುತ್ತುತ್ತಿದೆ ಎಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಒಳಗೆ ಹೋಗಿ ಅಲಮಾರಿ ತೆರೆದು ಏನನ್ನೋ ಕೈಚೀಲಕ್ಕೆ ಹಾಕಿಕೊಂಡಳು. ಸೀಟಿಗೆ ಹಾಸಲು ಹಳೆಯ ಬೆಡ್‌ಶೀಟ್ ಇರಬೇಕು ಎಂದುಕೊಂಡೆ. ಅವಳು ಗೇಟು ದಾಟುವ ಹೊತ್ತಿಗೆ ಸರಿಯಾಗಿ ಎದುರುಮನೆಯವರು ಹೊರಬಂದು, “ಯಾರ್ದ್ರಿ ಅದು ಲಾರಿ, ಓಣಿ ಬಂದ್ ಮಾಡಿ ನಿಂತೈತಿ?” ಎಂದು ಕೇಳಿದರು.

“ಯಾರ್ದೋ ಏನೋ” ಎಂದೆ.

ಶೋಭಾಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಹಿಂದಿರುಗಿ ನೋಡಲಿಲ್ಲ. ಸ್ಟೂಲು ವರಾಂಡದಲ್ಲೇ ಉಳಿಯಿತು.

ಇದಾಗಿ ಸ್ವಲ್ಪ ದಿನಕ್ಕೆ ಕಾಶವ್ವ ಬುಟ್ಟಿ ಹೊತ್ತು ಬಂದವಳು ಬಾಗಿಲಲ್ಲೇ ಜಗಳಕ್ಕೆ ನಿಂತಳು. “ಏನ್ರಿ ಅಕ್ಕಾರ, ದೊಡ್ಡಸ್ತಿಕಿ ಬಂತೇನು? ಸಿಂದಗಿಯಾಗ ನಮ್ಮ ತಂಗಿ ಮನಿ ಮುಂದಿನ ರೋಡ್‌ನ್ಯಾಗ ಲಾರಿಯೊಳಗ ಕುಂತು ಹೊಂಟಿದ್ರಿ. ನಾ ಅಕ್ಕಾರ, ಅಕ್ಕಾರ ಅಂತ ಒದರೀನಿ. ನೋಡಿ ನಕ್ಕು ಹೋದ್ರಿ, ಮಾತಾಡಸಲಿಲ್ಲ.”

ನಾನು ಆ ವಾರ ಮನೆ ಬಿಟ್ಟು ಕದಲಿರಲಿಲ್ಲ. ಕಾಶವ್ವನಿಗೆ ಕಣ್ಣಿಗೆ ಪೊರೆ ಬಂದಿದೆ ಎಂದುಕೊಂಡೆ.

ಆಮೇಲೆ ಮುದ್ದೇಬಿಹಾಳದಿಂದ ಒಬ್ಬ ಹಳೆಯ ವಿದ್ಯಾರ್ಥಿ ಬಂದ. ಬಸ್ ಕಂಡಕ್ಟರ್ ಆಗಿದ್ದಾನೆ. ಮಗನ ಸಾಲೆಯ ವಿಷಯ ಕೇಳಲು ಬಂದಿದ್ದ. ಹೋಗುವಾಗ, “ಮಿಸ್, ಮೊನ್ನೆ ನಿಮ್ಮನ್ನ ನೋಡಿ ಬಾಳ ಖುಷಿ ಆತ್ರಿ. ನಮ್ಮ ಬಸ್ಸಿನ ಬಾಜೂಕ ನಿಮ್ಮ ಲಾರಿ ನಿಂತಿತ್ತು. ನಾ ಎದ್ದು ನಿಂತು ಗುಡ್ ಮಾರ್ನಿಂಗ್ ಮಿಸ್ ಅಂದೆ. ನೀವು ಹಿಂಗ ಮಾಡಿದ್ರಿ” ಎಂದು ಎರಡು ಬೆರಳು ಎತ್ತಿ ಕೆಳಗಿಳಿಸಿದ. “ಪ್ಯಾಸೆಂಜರೆಲ್ಲ ನಕ್ರು. ನಾ ಕುಂತಬಿಟ್ಟೆ!”

ಅವನೂ ನಕ್ಕ. ನಾನು ನಗುವ ಪ್ರಯತ್ನ ಮಾಡಿದೆ. ಅವನಿಗೆ ಪೊರೆ ಬರುವ ವಯಸ್ಸಲ್ಲ.

ಅವನು ಹೋದ ಮೇಲೆ ಸುಮ್ಮನೆ ಕೂತಿರಲಾರದೆ ಅಲಮಾರಿ ತೆರೆದೆ. ನನ್ನ ಬೂದುಬಣ್ಣದ, ಸಣ್ಣ ಮರೂನ್ ಅಂಚಿನ ಸೀರೆ ಅಲ್ಲಿರಲಿಲ್ಲ. ಸಾಲೆಯ ಫಂಕ್ಷನ್ನುಗಳಿಗೆ ಉಡುತ್ತಿದ್ದ ಸೀರೆ. ಊರೆಲ್ಲ ನನ್ನನ್ನು ಆ ಸೀರೆಯಲ್ಲಿ ನೋಡಿದೆ. ಕೂಡಲೇ ಶೋಭಾಳಿಗೆ ಫೋನ್ ಹಚ್ಚಿದೆ.

“ಹೌದವ್ವಾ, ನಾನ ಒಯ್ದೇನಿ” ಎಂದಳು. “ಹಿರ್ಯಾರು ಬರಾಕ ಆಗದಿದ್ರ ಅವರು ಉಟ್ಟ ಸೀರಿ ಸೀಟಿನ್ಯಾಗ ಇಟ್ಟು ಅದಕ್ಕ ಉಡಿ ತುಂಬ್ತಾರಂತ. ಚಾಚಾ ಹೇಳಿದ್ರು. ಚಾಚಿ ತುಂಬಿದ್ಲು. ಸಿಂದಗಿ ದಾಟಿದ ಮ್ಯಾಲ ತಗೀಬೇಕಂತ ಮಾಡಿದ್ದೆ. ಆದ್ರ ಬಾಜೂಕ ಇದ್ರ ಚಲೋ ಅನಸ್ತಿತ್ತು. ಹಂಗ ಬಿಟ್ಟೆ.”

ನಾನು ಅವಳ ಕಡೆಯ ಮಾತನ್ನು ಅಲ್ಲಿಗೇ ಬಿಟ್ಟೆ. ನನಗೆ ಎಕ್ಸ್‌ಪ್ಲನೇಷನ್ ಸಿಕ್ಕಿತ್ತು, ಅಷ್ಟು ಸಾಕಾಗಿತ್ತು. ಸೀಟಿನ ಮೇಲೆ ನನ್ನ ಸೀರೆ, ದೂರದಿಂದ ನೋಡಿದ ಜನರಿಗೆ ಟೀಚರ್ ಕೂತ ಹಾಗೆ ಕಂಡಿದೆ. ಹಾಸ್ಟೆಲಿನ ಪೆಟಿಕೋಟಿನ ಕಥೆಯೇ. ಸೆನ್ಸಿಬಲ್ ಗರ್ಲ್! ಬೆರಳಿನ ಮಾತನ್ನು ಹುಡುಗ ಸೇರಿಸಿ ಹೇಳಿದ್ದಾನೆ ಎಂದುಕೊಂಡೆ. ನಾನು ಲಾರಿಯಲ್ಲಿ ತಿರುಗುತ್ತೇನೆಂದು ಮೂರು ತಾಲೂಕಿಗೆ ಸುದ್ದಿಯಾಗುವುದು ಬೇಡವಾಗಿತ್ತು. “ನನ್ನ ಸೀರಿ ನನಗ ತಂದು ಕೊಡು” ಎಂದೆ. “ಓಣಿಗೆ ತರಬ್ಯಾಡ. ಬಸ್‌ಸ್ಟ್ಯಾಂಡಿಗೆ ಬಾ, ನಾ ಅಲ್ಲೇ ಇರ್ತೇನಿ.”

ಹೀಗೆ, ಹಾಡುಹಗಲು, ಬಿಸಿಲು ನೆತ್ತಿಗೆ ಬರುವ ಹೊತ್ತಿನಲ್ಲಿ ನಾನು ಬಾಗೇವಾಡಿಯ ಬಸ್‌ಸ್ಟ್ಯಾಂಡಿನ ಹೊರಗೆ ಬೇವಿನ ಗಿಡದ ನೆರಳಲ್ಲಿ ನಿಂತಿದ್ದೆ. ಶೋಭಾ ಲಾರಿಯನ್ನು ಅಷ್ಟು ದೂರದ ಪೆಟ್ರೋಲ್ ಪಂಪಿನಲ್ಲಿ ಬಿಟ್ಟು ನಡೆದುಕೊಂಡು ಬಂದಳು. ಮುಖ ಕಪ್ಪಾಗಿತ್ತು, ತೋಳು ಗಟ್ಟಿಯಾಗಿತ್ತು. ಸೀರೆಯ ಚೀಲ ಕೊಟ್ಟಳು. ತೆರೆದು ನೋಡಿದೆ: ಅದೇ ಸೀರೆ, ನಿಂಬೆಹಣ್ಣಿನ ಮತ್ತು ಡೀಸೆಲ್ಲಿನ ವಾಸನೆ, ಮಡಿಕೆಯೊಳಗೆ ಉಡಿಯ ನಾಲ್ಕು ಅಕ್ಕಿಕಾಳು.

“ಊಟಾ ಮಾಡ್ತೀಯಿಲ್ಲೋ ಹೊತ್ತಿಗೆ ಸರಿಯಾಗಿ?” ಎಂದೆ.

“ಮಾಡ್ತೇನಿ.” ಅವಳು ಸ್ವಲ್ಪ ನಿಂತಳು. “ಅಲ್ಲೇ ಪಂಪಿನ್ಯಾಗ ಐತಿ ಗಾಡಿ. ಬಂದು ನೋಡ್ತೀಯೇನು?”

“ಬಿಸಲ ಬಾಳ ಐತಿ.”

ತಲೆಯಾಡಿಸಿ ಹೋದಳು. ನಾನು ಚೀಲವನ್ನು ಎದೆಗೆ ಅವುಚಿಕೊಂಡು ಅಲ್ಲೇ ನಿಂತೆ, ಅವಳ ಲಾರಿ ಹೋಗಲಿ, ಆಮೇಲೆ ಮನೆಗೆ ನಡೆದರಾಯಿತು ಎಂದು. ಸ್ವಲ್ಪ ಹೊತ್ತಿಗೆ ಲಾರಿ ಬಂತು. ಬಸ್‌ಸ್ಟ್ಯಾಂಡಿನ ಮುಂದೆ ಎತ್ತಿನಗಾಡಿ ಅಡ್ಡ ಬಂದಿದ್ದರಿಂದ ನಿಧಾನವಾಯಿತು. ನನ್ನ ಕಡೆಗಿದ್ದದ್ದು ಎಡಗಡೆಯ ಕಿಟಕಿ.

ಅಲ್ಲಿ ನಾನು ಕೂತಿದ್ದೆ.

ಇದನ್ನು ಬೇರೆ ಹೇಗೆ ಬರೆಯಬೇಕೋ ನನಗೆ ತಿಳಿಯದು. ಬೂದುಬಣ್ಣದ ಸೀರೆ, ಮರೂನ್ ಅಂಚು. ಒಂದು ಕಡ್ಡಿ ಸಡಿಲಾದ ನನ್ನ ಕನ್ನಡಕ. ಬೈತಲೆಯ ಹತ್ತಿರ ಡೈ ಹಿಡಿಯದ ನನ್ನ ಬಿಳಿಕೂದಲು. ಮೊಣಕೈಯನ್ನು ಕಿಟಕಿಯ ಹೊರಗೆ ಚಾಚಿ, ಯಾವ ಬಿಗಿಯೂ ಇಲ್ಲದೆ, ತವರಿಗೆ ಹೊರಟವಳ ಹಾಗೆ ಕೂತಿದ್ದಳು. ರಸ್ತೆಯನ್ನು ನೋಡುತ್ತಿದ್ದಳು, ನನ್ನ ಕಡೆ ನೋಡಲಿಲ್ಲ. ನಾನು ಕೈಯಲ್ಲಿದ್ದ ಚೀಲವನ್ನು ತೆರೆದು ಕೈ ಹಾಕಿದೆ. ಸೀರೆ ಅಲ್ಲೇ ಇತ್ತು; ಅಕ್ಕಿಕಾಳು ಬೆರಳಿಗೆ ಹತ್ತಿದವು. ತಲೆ ಎತ್ತುವಷ್ಟರಲ್ಲಿ ಲಾರಿ ತಿರುವು ದಾಟಿತ್ತು.

ನನಗಾದದ್ದು ಭಯವಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಅಷ್ಟು ಜನರ ನಡುವೆ ಸೆರಗು ಜಾರಿದವಳಿಗೆ ಆಗುವಂಥ ನಾಚಿಕೆಯಾಯಿತು. ಅವಳು ಅಷ್ಟು ಸಲೀಸಾಗಿ ಕೂತಿದ್ದಳು.

ಸಂಜೆ ಶೋಭಾಳಿಗೆ ಫೋನ್ ಮಾಡಿ, ಬಾಗೇವಾಡಿ ಬಿಡುವಾಗ ಪಕ್ಕದಲ್ಲಿ ಯಾರಿದ್ದರು ಎಂದು ಕೇಳಿದೆ. “ಯಾರೂ ಇಲ್ಲಲ್ಲ. ಸೀಟ ಖಾಲಿ ಇತ್ತು. ಯಾಕ?” ಎಂದಳು. ಏನಿಲ್ಲ ಎಂದೆ. ಅವಳಿಗೆ ಇವತ್ತಿನವರೆಗೂ ಹೇಳಿಲ್ಲ. ರಜಾಕ್‌ಸಾಬರಿಗೆ ಮಾತ್ರ ಹೇಳಿದೆ. ಕಣ್ಣಿಗೆ ಬಿಸಿಲು ಹೊಡೆದಿರಬೇಕು ಎಂದು ಅವರು ನಗುತ್ತಾರೆ, ನಾನೂ ನಕ್ಕು ಮುಗಿಸಬಹುದು ಎಂಬ ಆಸೆಯಿಂದ. ಅವರು ನಗಲಿಲ್ಲ.

“ಸೀರಿ ಹಂಗ ತಕ್ಕೊಂಡ್ರೇನು? ನೀವು ಹತ್ತಿ, ನಿಮ್ಮ ಕೈಲೆ ಉಡಿ ಬಿಚ್ಚಿ, ನೀವ ಇಳೀಬೇಕಿತ್ರಿ. ಶೋಭಾಗ ಗೊತ್ತಿಲ್ಲ, ಹುಡುಗಿ. ನನ್ನರೆ ಒಂದ ಮಾತ ಕೇಳ್ಬೇಕೋ ಬ್ಯಾಡೋ?”

“ಸೀರಿ ನನ್ನ ಕಡೆ ಐತಲ್ರಿ ಈಗ.”

“ಸೀರಿ ಐತ್ರಿ ಅಕ್ಕಾರ. ಕುಂತಾಕಿ ಇಳದ್ಲೇನು?”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಅವರ ಹಿಂದೆ ಯಾರೋ ನಿಂಬೆಹಣ್ಣಿನ ಬುಟ್ಟಿ ಸುರಿಯುವ ಸದ್ದು ಕೇಳುತ್ತಿತ್ತು. ಕೊನೆಗೆ ಅವರು ಮೆತ್ತಗೆ, “ಹೆದರಬ್ಯಾಡ್ರಿ. ಕೆಟ್ಟದ್ದಲ್ಲದು. ಒಮ್ಮಿ ಹೋಗಿ ಕುಂಡ್ರಿ, ಮುಗೀತು” ಎಂದರು.

ಒಮ್ಮೆ ಹೋಗಿ ಕೂರುವುದು. ಎಷ್ಟು ಸುಲಭದ ಮಾತು. ಹೊರಡಲು ಮನಸ್ಸು ಮಾಡುವುದಕ್ಕೇ ನಾನು ಮಳೆಗಾಲ ಕಳೆಯುವವರೆಗೆ ತೆಗೆದುಕೊಂಡೆ. ಇಂದು ಬಿಸಿಲು, ನಾಳೆ ರಾಡಿ, ನಾಡಿದ್ದು ಓಣಿಯಲ್ಲಿ ಮದುವೆ, ಜನ ಬಂದಿರುತ್ತಾರೆ.

ಈಗ ಇದಾಗಿ ವರ್ಷಗಳು ಕಳೆದಿವೆ. ಶೋಭಾ ದೂರದ ಲೈನಿಗೆ ಹೋಗುತ್ತಾಳೆ. ನಿಂಬೆಹಣ್ಣು ಹೇರಿಕೊಂಡು ಹೈದರಾಬಾದು, ನಾಗಪುರ. ಊರಿಗೆ ಬಂದಾಗ ಲಾರಿಯನ್ನು ಓಣಿಯೊಳಗೇ ತಂದು ನಮ್ಮ ಗೇಟಿನ ಮುಂದೆ ನಿಲ್ಲಿಸಲು ಹೇಳುತ್ತೇನೆ. ಎದುರುಮನೆಯವರು ಕೇಳದಿದ್ದರೂ ‘ನಮ್ಮ ಶೋಭಾಂದು’ ಎನ್ನುತ್ತೇನೆ. ಅವಳು ಊಟ ಮಾಡಿ, ಕಾಲು ಚಾಚಿ ಮಲಗಿ, ಎದ್ದು ಹೋಗುತ್ತಾಳೆ. ನಮ್ಮ ನಡುವೆ ಜಗಳವಿಲ್ಲ. ಬಾ ಎಂದು ಅವಳು ಮತ್ತೆ ಕರೆದಿಲ್ಲ, ಅಷ್ಟೇ. ನಾನೂ ಇವತ್ತಿಗೂ ಆ ಸೀಟಿನಲ್ಲಿ ಕೂತಿಲ್ಲ. ಮೊದಲು ಜನರಿಗೆ ನಾಚಿ ಹತ್ತಲಿಲ್ಲ. ಈಗ ಹತ್ತದಿರುವ ಕಾರಣವೇ ಬೇರೆ. ಆ ಸೀಟು ಖಾಲಿ ಇದೆ ಎಂದು ಶೋಭಾ ಹೇಳುತ್ತಾಳೆ, ನನಗೆ ಮಾತ್ರ ಹಾಗೆ ಅನ್ನಿಸುವುದಿಲ್ಲ. ಡಾಕ್ಟರ್ ಒಬ್ಬರು ಮನಸ್ಸಿನ ಆಟ ಎಂದರು. ಇರಬಹುದು. ಕಾಶವ್ವನ ಮನಸ್ಸೂ, ಕಂಡಕ್ಟರನ ಮನಸ್ಸೂ ನನ್ನ ಮನಸ್ಸಿನ ಜೊತೆ ಸೇರಿ ಹೇಗೆ ಆಡಿದವು ಎಂದು ಕೇಳಿದರೆ ಅವರು ಚೀಟಿಯಲ್ಲಿ ನಿದ್ದೆಯ ಗುಳಿಗೆ ಬರೆದರು.

ಅವಳನ್ನು, ಎಂದರೆ ಆ ಹೆಂಗಸನ್ನು, ನಾನು ಕೊನೆಯ ಸಲ ನೋಡಿದ್ದು ಆ ಮಳೆಗಾಲ ಕಳೆದ ಮೇಲೆ. ಶೋಭಾ ಮುದ್ದೇಬಿಹಾಳದ ಕಡೆಯಿಂದ ಬೆಳಿಗ್ಗೆ ಬರುತ್ತಾಳೆಂದು ಗೊತ್ತಿತ್ತು. ಅವಳಿಗೆ ಹೇಳದೆ, ಸರ್‌ಪ್ರೈಸ್ ಕೊಡೋಣ ಎಂದು ಅದೇ ಬೂದುಬಣ್ಣದ ಸೀರೆ ಉಟ್ಟು, ವರಾಂಡದಲ್ಲಿದ್ದ ನೀಲಿ ಸ್ಟೂಲನ್ನು ಎತ್ತಿಕೊಂಡು ಹೊರಟೆ. ಓಣಿಯ ಜನ ನೋಡಿದರು. ಕಾಶವ್ವ, “ಎಲ್ಲಿಗ್ರಿ ಅಕ್ಕಾರ, ಸ್ಟೂಲ್ ಹೊತ್ಕೊಂಡು?” ಎಂದು ಕೂಗಿದಳು. “ಮಗಳ ಲಾರಿ ಹತ್ತಾಕ” ಎಂದು ನಾನೂ ಕೂಗಿ ಹೇಳಿದೆ. ಊರ ಹೊರಗಿನ ರಸ್ತೆಯ ಬದಿಗೆ ಸ್ಟೂಲು ಇಟ್ಟು ಅದರ ಪಕ್ಕ ನಿಂತೆ. ತೊಗರಿ ಹೊಲದ ಮೇಲೆ ಎಳೆಬಿಸಿಲು ಬಿದ್ದಿತ್ತು. ಲಾರಿ ದೂರದಲ್ಲಿ ಕಂಡಾಗ ಕೈ ಎತ್ತಿದೆ.

ಹತ್ತಿರ ಬಂದಾಗ ನೋಡಿದೆ, ಅವಳು ಅಲ್ಲೇ ಇದ್ದಳು. ಏನೋ ಹೇಳುತ್ತಿದ್ದಳು. ಶೋಭಾ ಆ ಕಡೆ ಕಿವಿಗೊಟ್ಟವಳ ಹಾಗೆ ತುಸು ವಾಲಿ ನಗುತ್ತಿದ್ದಳು. ಚಿಕ್ಕವಳಿದ್ದಾಗ ಅಪ್ಪನ ಜೀಪಿನಲ್ಲಿ ನಗುತ್ತಿದ್ದಳಲ್ಲ, ಆ ನಗು. ನನ್ನ ಪಾಲಿಗೆ ಅದು ಎಂದೂ ಬಂದಿರಲಿಲ್ಲ. ರಸ್ತೆಯ ಬದಿಯಲ್ಲಿ ಕೈ ಎತ್ತಿ ನಿಂತವಳನ್ನು ಶೋಭಾ ನೋಡಲೇ ಇಲ್ಲ, ಲಾರಿ ನಿಧಾನಿಸಲೂ ಇಲ್ಲ. ನೋಡಿದವಳು ಇನ್ನೊಬ್ಬಳು. ಕಿಟಕಿಯಿಂದ ನನ್ನನ್ನು ಸರಿಯಾಗಿ ನೋಡಿದಳು, ಗುರುತು ಹಿಡಿದಳು. ಸಿಟ್ಟಿರಲಿಲ್ಲ. ಹೊರಗಿದ್ದ ಕೈಯ ಎರಡು ಬೆರಳು ಎತ್ತಿ, ಕೆಳಗಿಳಿಸಿದಳು.

ನಾನು ಎತ್ತಿದ ಕೈ ಇಳಿಸಿ ಸ್ಟೂಲಿನ ಮೇಲೆ ಕೂತೆ.